ಚಿಕ್ಕ ಮಕ್ಕಳಂತೆ ನೋಡುವದು

ಈ ತಿಂಗಳಿನ ಪಾಠವು ನಮ್ಮ ಕಣ್ಣುಗಳನ್ನು ಕುರಿತದ್ದಾಗಿದೆ. ವೈದ್ಯರು ಔಷಧ ಹಾಕಿ ಗುಣಪಡಿಸುವ ಕಣ್ಣುಬೇನೆಯನ್ನು ಕುರಿತು ನಾವು ಇಲ್ಲಿ ಹೇಳುವದಿಲ್ಲ. ಕಣ್ಣು ನೆಟ್ಟಗಿದ್ದರೂ ಎದುರಿಗಿರುವದು ಕಾಣದೆ ಹೋಗುವ ಇನ್ನೊಂದು ಕುರುಡುತನವುಂಟು. ಅದು ಚಿಕ್ಕ ಮಕ್ಕಳಲ್ಲಿಲ್ಲ. ದೊಡ್ಡವರಾದ ನಮ್ಮಲ್ಲಿಯೇ ಬಹಳವಾಗಿ ಉಂಟು. ಅದು ಬರುವ ದಾರಿ ಯಾವದು, ಅದನ್ನು ಗೆದ್ದು ನೋಡಿದವರು ಏನನ್ನು ಕಂಡರು, ಅದರಿಂದ ನಮಗಾಗುವ ನಷ್ಟವೇನು, ಅದನ್ನು ಕಳೆದುಕೊಳ್ಳುವದು ಹೇಗೆ ಎಂಬ ನಾಲ್ಕು ವಿಷಯಗಳನ್ನು ಕ್ರಮವಾಗಿ ವಿಚಾರಿಸೋಣ. ಮನೆಯವರೆಲ್ಲರೂ ಕೂಡಿ ಓದುವದಾದರೆ ಮೊದಲು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಮೊದಲಿನ ಐದು ವಚನಗಳನ್ನು ಓದಿಕೊಳ್ಳಲಿ.

1. ಈ ಕುರುಡುತನವು ಬರುವ ದಾರಿ

ಮೂರು ವರುಷದ ಕೂಸನ್ನು ಕೈಹಿಡಿದುಕೊಂಡು ಮನೆಯಿಂದ ಕೆರೆಯ ತನಕ ನಡೆದರೆ ಏನಾಗುವದೆಂದು ಎಲ್ಲಾ ತಾಯಂದಿರೂ ಬಲ್ಲರು. ಅದು ಇರುವೆಯ ಸಾಲಿನ ಬಳಿಯಲ್ಲಿ ಕುಕ್ಕರಿಸಿ ಕೂಡ್ರುವದು. ಬಿದ್ದ ಗರಿಯನ್ನು ಹೆಕ್ಕಿ ಕೆನ್ನೆಗೆ ಸವರಿಕೊಳ್ಳುವದು. ತನ್ನ ನೆರಳನ್ನು ತುಳಿಯಬೇಕೆಂದು ಹಾರುವದು. ಮುಟ್ಟಿದರೆ ಮುನಿಯ ಎಲೆಯನ್ನು ಮುಟ್ಟಿ, ಅದು ಮಡಚಿಕೊಂಡಾಗ ಕೇಕೆ ಹಾಕುವದು. ನಾವಾದರೋ, ಹೊತ್ತಾಯಿತು ಬಾ ಎಂದು ಅದರ ಕೈಯನ್ನು ಜಗ್ಗುವೆವು. ದಾರಿ ಒಂದೇ, ಇರುವೆ ಒಂದೇ, ಎಲೆ ಒಂದೇ. ಕೂಸು ಅವುಗಳನ್ನು ಕಾಣುವದು, ನಾವು ಕಾಣುವದಿಲ್ಲ. ಒಂದಾನೊಂದು ಕಾಲದಲ್ಲಿ ನಾವೂ ಕಂಡವರೇ ಆಗಿದ್ದೆವು. ನಡುವೆ ಏನಾಯಿತು?

ಮೊದಲನೆಯದಾಗಿ, ನಾವು ಹೆಸರುಗಳನ್ನು ಕಲಿತೆವು. ಇದೇನು ಎಂದು ಮಗು ಕೇಳಿದರೆ, ಇರುವೆ ಎಂದು ಹೇಳಿ ಮುಗಿಸುವೆವು. ಹೆಸರು ಬೇಕಾದದ್ದೇ, ಹೆಸರಿಲ್ಲದೆ ಮಾತು ನಡೆಯದು. ಆದರೆ ಹೆಸರು ಬಂದ ಕೂಡಲೇ ನೋಟವು ನಿಂತುಹೋಗುವದುಂಟು. ಇರುವೆಯೆಂದು ಗೊತ್ತಾಯಿತಲ್ಲಾ, ಇನ್ನು ನೋಡುವದೇನು ಎಂಬ ಭಾವನೆ ಬರುವದು. ಎದುರುಬದುರಾಗಿ ಬರುವ ಎರಡು ಇರುವೆಗಳು ಮೀಸೆಯಂಥ ಕೊಂಬುಗಳಿಂದ ಒಂದನ್ನೊಂದು ತಡವಿಕೊಂಡು ಮುಂದೆ ಹೋಗುವದನ್ನು ಹೆಸರು ತಿಳಿಸುವದಿಲ್ಲ; ಬಗ್ಗಿ ನೋಡಿದವನಿಗೆ ಮಾತ್ರ ಅದು ತಿಳಿಯುವದು.

ಎರಡನೆಯದಾಗಿ, ಚಿಂತೆ ಬಂತು. ಬಡ್ಡಿ, ಬಿತ್ತನೆಯ ಬೀಜ, ಮಗಳ ಮದುವೆ ಇವು ತಲೆಯಲ್ಲಿ ತುಂಬಿರಲು ಕಾಲು ನಡೆದರೂ ಮನಸ್ಸು ಬೇರೆಲ್ಲಿಯೋ ಇರುವದು. ಈಗಿನ ದಿನಗಳಲ್ಲಿ ಕೈಯಲ್ಲಿರುವ ಮೊಬೈಲು ಸಹ ಕಣ್ಣನ್ನು ತನ್ನ ಕಡೆಗೇ ಎಳೆದುಕೊಳ್ಳುವದು. ಮೂರನೆಯದಾಗಿ, ನಾಚಿಕೆ ಬಂತು. ದೊಡ್ಡವನು ಹೂವಿನ ಮುಂದೆ ನಿಂತರೆ ಇವನಿಗೆ ಕೆಲಸವಿಲ್ಲವೋ ಎಂದು ನಗುವರೆಂಬ ಭಯವುಂಟು. ಹೀಗೆ ಹೆಸರು, ಚಿಂತೆ, ನಾಚಿಕೆ ಈ ಮೂರೂ ಕೂಡಿ ವಾಡಿಕೆಯಾಗಿ ಗಟ್ಟಿಯಾಗುವವು.

ವಾಡಿಕೆಯ ಬಲ ಎಷ್ಟೆಂಬದಕ್ಕೆ ಒಂದು ದೃಷ್ಟಾಂತವನ್ನು ಹೇಳುವೆವು. ಫ್ರಾನ್ಸ್ ದೇಶದಲ್ಲಿ ಹೆನ್ರಿ ಫಾಬ್ರ್ ಎಂಬವನೊಬ್ಬನಿದ್ದನು. ಅವನು 1823ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಬಹುಕಾಲ ಶಾಲೆಯ ಉಪಾಧ್ಯಾಯನಾಗಿದ್ದು, 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಬೆಳೆಗೆ ಬಾರದ ಕಲ್ಲುಭೂಮಿಯನ್ನು ಕೊಂಡುಕೊಂಡನು. ಮುಳ್ಳುಗಿಡಗಳು ಬೆಳೆದ ಆ ನೆಲದಲ್ಲಿ ಕಣಜ, ಜೇನು, ಜೀರುಂಡೆಗಳನ್ನು ನೋಡುತ್ತಾ 1915ರಲ್ಲಿ ತೀರಿಕೊಳ್ಳುವ ವರೆಗೂ ಇದ್ದನು. ಪೈನ್ ಮರದ ಎಲೆಗಳನ್ನು ತಿನ್ನುವ ಒಂದು ಜಾತಿಯ ಕಂಬಳಿಹುಳಗಳನ್ನು ಅವನು ಪರೀಕ್ಷಿಸಿದನು. ಅವು ಒಂದರ ಹಿಂದೆ ಒಂದಾಗಿ, ಮುಂದಿನದು ಬಿಟ್ಟ ನೂಲನ್ನೇ ಹಿಡಿದು ನಡೆಯತಕ್ಕವುಗಳು. 1896ರಲ್ಲಿ ಒಂದು ಸಾಲು ದೊಡ್ಡ ಹೂಕುಂಡದ ಅಂಚಿನ ಮೇಲೆ ಏರಿ ಸುತ್ತಲಾರಂಭಿಸಿತು. ಅಂಚು ತುಂಬಿದಾಗ ಫಾಬ್ರನು ಉಳಿದ ಹುಳಗಳನ್ನು ತೆಗೆದುಹಾಕಿ, ಕೆಳಗಿನಿಂದ ಬರುವ ನೂಲನ್ನು ಒರಸಿಬಿಟ್ಟನು. ಆಗ ಮುಂದಾಳು ಎಂಬದೇ ಇಲ್ಲದೆ ಎಲ್ಲವೂ ಹಿಂಬಾಲಕವಾದವು. ತಿನ್ನುವದಕ್ಕೆ ಎಲೆಯೂ ಇರುವದಕ್ಕೆ ಗೂಡೂ ಸಮೀಪದಲ್ಲೇ ಇದ್ದರೂ ಅವು ಹಸಿವೆಯಲ್ಲಿಯೂ ಚಳಿಯಲ್ಲಿಯೂ ಏಳು ದಿನಗಳು ಆ ಅಂಚನ್ನೇ ಸುತ್ತಿದವು. ಬಳಲಿ ಸಾಲು ಮುರಿದಾಗ ಕೆಲವು ದಾರಿ ತಪ್ಪಿ ಕೆಳಗಿಳಿದವು. ಆ ತಪ್ಪಿದ ದಾರಿಯೇ ಮಿಕ್ಕವುಗಳಿಗೆ ಬಿಡುಗಡೆಯಾಯಿತು. ಹುಳಗಳನ್ನು ನಾವು ಹಳಿಯಲಾಗದು, ಅವುಗಳ ಸ್ವಭಾವವೇ ಅಂಥದ್ದು. ಆದರೆ ನಿನ್ನೆಯ ನೂಲನ್ನೇ ಹಿಡಿದು ಇಂದಿನ ದಿನವನ್ನು ನಡೆದು ಮುಗಿಸುವ ಮನುಷ್ಯನು, ಪಕ್ಕಕ್ಕೆ ತಿರುಗುವ ಕಣ್ಣುಳ್ಳವನಾಗಿದ್ದೂ ತಿರುಗದೆ ಇರುವದು ದುಃಖಕರವಾದದ್ದು.

2. ನಿಂತು ನೋಡಿದವರು ಕಂಡದ್ದು

ಇದನ್ನೆಲ್ಲಾ ನೋಡುವದಕ್ಕೆ ದೊಡ್ಡ ಸಲಕರಣೆಗಳೂ ದೊಡ್ಡ ವಿದ್ಯೆಯೂ ಬೇಕಲ್ಲವೇ ಎಂದು ಯಾರಾದರೂ ಕೇಳಾರು. ಅಂಥವರು ಒಂದು ಮೇಣದ ಬತ್ತಿಯ ಸಂಗತಿಯನ್ನು ಕೇಳಲಿ.

ಇಂಗ್ಲೆಂಡಿನಲ್ಲಿ ಮೈಕೇಲ್ ಫ್ಯಾರಡೆ ಎಂಬ ಶಾಸ್ತ್ರಜ್ಞನಿದ್ದನು. ಅವನು 1791ರಲ್ಲಿ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದನು. ಶಾಲೆಯ ಓದು ಅವನಿಗೆ ಸ್ವಲ್ಪವೇ ದೊರಕಿತು. ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿಯಲ್ಲಿ ಕೆಲಸ ಕಲಿಯುವದಕ್ಕೆ ಸೇರಿ, ಕಟ್ಟುವದಕ್ಕೆ ಬಂದ ಪುಸ್ತಕಗಳನ್ನೇ ಓದಿ ವಿದ್ಯೆ ಸಂಪಾದಿಸಿದನು. 1831ರಲ್ಲಿ ಅಯಸ್ಕಾಂತದಿಂದ ವಿದ್ಯುತ್ತನ್ನು ಹುಟ್ಟಿಸುವ ರೀತಿಯನ್ನು ಅವನು ಕಂಡುಹಿಡಿದನು. ಜೋಗದ ನೀರಿನಿಂದ ವಿದ್ಯುತ್ತನ್ನು ತೆಗೆಯುವ ಯಂತ್ರಗಳು ಸಹ ಅದೇ ತತ್ವದ ಮೇಲೆ ತಿರುಗುವವು. ಅವನು ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿಯೂ ಸೇವೆಮಾಡಿದನು. ಇಂಥ ಮನುಷ್ಯನು ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್ಮಸ್ ಕಾಲದಲ್ಲಿ ಮಕ್ಕಳಿಗೆ ಉಪನ್ಯಾಸ ಮಾಡುವದಕ್ಕೆ ನಿಂತಾಗ, ಯಾವ ವಿಷಯವನ್ನು ಆರಿಸಿಕೊಂಡನು? 1848ರಲ್ಲಿಯೂ ತಿರುಗಿ 1860ರ ಕಡೆಯಲ್ಲಿಯೂ ಅವನು ಎಲ್ಲರ ಮನೆಯಲ್ಲಿದ್ದ ಮೇಣದ ಬತ್ತಿಯನ್ನೇ ಕೈಗೆ ತೆಗೆದುಕೊಂಡು ಆರು ಉಪನ್ಯಾಸಗಳನ್ನು ಮಾಡಿದನು.

ಈಗ ನಮ್ಮ ಹಳ್ಳಿಗಳಿಗೆ ವಿದ್ಯುದ್ದೀಪ ಬಂದಿದ್ದರೂ ಅದು ಆರಿಹೋಗುವ ರಾತ್ರಿಗಳು ಇಲ್ಲದಿಲ್ಲ. ಅಂಥ ರಾತ್ರಿ ಒಂದು ಮೇಣದ ಬತ್ತಿಯನ್ನು ಹಚ್ಚಿ ಮಕ್ಕಳೊಡನೆ ಅದರ ಮುಂದೆ ಕೂತುಕೊಳ್ಳಿರಿ. ಉರಿಯ ಕೆಳಗೆ ಮೇಣವು ಕರಗಿ ಒಂದು ಸಣ್ಣ ಬಟ್ಟಲಾಗಿರುವದು. ಅಂಚು ಯಾಕೆ ಕರಗುವದಿಲ್ಲ? ಉರಿಯ ಬಿಸಿಗೆ ಗಾಳಿಯು ಮೇಲಕ್ಕೆ ಏರುತ್ತಾ ಸುತ್ತಲಿನ ತಣ್ಣನೆಯ ಗಾಳಿಯನ್ನು ಬದಿಯಿಂದ ಎಳೆದುಕೊಳ್ಳುವದರಿಂದ ಅಂಚು ತಂಪಾಗಿರುವದು. ಬಟ್ಟಲಿನ ಮೇಣವು ದಾರದ ಎಳೆಗಳ ನಡುವಿನ ಸಂದುಗಳಲ್ಲಿ ತಾನಾಗಿ ಮೇಲೇರಿ, ಬಿಸಿಯಿಂದ ಆವಿಯಾಗಿ, ಆ ಆವಿಯೇ ಹೊತ್ತಿಕೊಳ್ಳುವದು. ಇದು ನಿಜವೋ ಎಂದು ನೋಡಬೇಕಾದರೆ ದೊಡ್ಡವರೊಬ್ಬರು ಬತ್ತಿಯನ್ನು ಮೆಲ್ಲಗೆ ಆರಿಸಿ, ಏಳುವ ಬಿಳಿಯ ಹೊಗೆಗೆ ಒಂದೆರಡು ಬೆರಳಿನಷ್ಟು ದೂರದಲ್ಲಿ ಉರಿಯುವ ಕಡ್ಡಿಯನ್ನು ಹಿಡಿಯಲಿ. ಉರಿಯು ಹೊಗೆಯನ್ನು ಹಿಡಿದು ಬತ್ತಿಗೆ ಹಾರುವದು.

ಇನ್ನು ತಣ್ಣೀರು ತುಂಬಿದ ಚೊಂಬಿನ ಹೊರಗನ್ನು ಚೆನ್ನಾಗಿ ಒರಸಿ ಉರಿಯ ಮೇಲ್ಗಡೆ ಸ್ವಲ್ಪ ಹೊತ್ತು ಹಿಡಿದರೆ ಅದರ ಮೇಲೆ ಮಂಜು ಕೂಡ್ರುವದು. ಬೆಂಕಿಯೊಳಗಿಂದ ನೀರು ಹುಟ್ಟಿತು! ಮೇಣದಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿದ್ದರಿಂದ ಆ ನೀರು ಆಯಿತು. ಚಮಚವನ್ನು ಉರಿಯ ಹಳದಿಯ ಭಾಗದಲ್ಲಿಟ್ಟರೆ ಮಸಿ ಹಿಡಿಯುವದು. ಕಪ್ಪಾಗಿ ಕಾಣುವ ಆ ಮಸಿಯ ಕಣಗಳೇ ಉರಿಯೊಳಗೆ ಕೆಂಡವಾಗಿ ಹೊಳೆದು ನಮಗೆ ಬೆಳಕನ್ನು ಕೊಡುತ್ತವೆ. ಬತ್ತಿಯ ಮೇಲೆ ಗಾಜಿನ ಲೋಟವನ್ನು ಕವಿಚಿದರೆ ಅದು ಕುಗ್ಗಿ ಆರಿಹೋಗುವದು. ಗಾಳಿಯಿಲ್ಲದೆ ನಾವು ಬದುಕದಂತೆ ಅದೂ ಬದುಕದು. ನಮ್ಮ ಉಸಿರೂ ಬತ್ತಿಯ ಉರಿಯೂ ಒಂದೇ ಬಗೆಯ ಕಾರ್ಯವೆಂದು ಫ್ಯಾರಡೆಯು ತನ್ನ ಕಡೆಯ ಉಪನ್ಯಾಸದಲ್ಲಿ ಮಕ್ಕಳಿಗೆ ತೋರಿಸಿದನು. ನೂರು ಸಾರಿ ಹಚ್ಚಿ ನೂರು ಸಾರಿ ಊದಿದ ಬತ್ತಿಯಲ್ಲಿ ಇಷ್ಟೆಲ್ಲಾ ಇತ್ತು. ಇಷ್ಟನ್ನು ತಿಳಿದ ಮೇಲೆ ನಮ್ಮ ಬೆರಗು ಕಡಿಮೆಯಾಯಿತೋ, ಹೆಚ್ಚಾಯಿತೋ? ತಿಳುವಳಿಕೆಯು ಬೆರಗಿನ ಶತ್ರುವಲ್ಲ. ತಿಳಿದಿದ್ದೇವೆಂಬ ಎಣಿಕೆಯೇ ಅದರ ಶತ್ರುವು.

ನಮ್ಮ ದೇಶದಿಂದ ಇನ್ನೊಂದು ದೃಷ್ಟಾಂತವನ್ನು ಕೊಡುವೆವು. ಗೀಜಗನ ಗೂಡನ್ನು ನಮ್ಮಲ್ಲಿ ನೋಡದವರಿಲ್ಲ. ಮಳೆಗಾಲದಲ್ಲಿ ಈಚಲಮರಕ್ಕೂ ಬಾವಿಯ ಮೇಲೆ ಬಾಗಿದ ಕೊಂಬೆಗೂ ಅದು ಜೋತಾಡುತ್ತಿರುವದು. ಸಲೀಂ ಅಲಿಯವರು 1930ರಲ್ಲಿ, ವಿದೇಶದಲ್ಲಿ ಪಕ್ಷಿಶಾಸ್ತ್ರವನ್ನು ಕಲಿತು ಹಿಂತಿರುಗಿದಾಗ, ಅವರಿಗೆ ಉದ್ಯೋಗವಿಲ್ಲದೆ ಹೋಯಿತು. ಅವರು ಮುಂಬಯಿಯ ಆಚೆ ಸಮುದ್ರತೀರದ ಕಿಹಿಂ ಎಂಬ ಹಳ್ಳಿಯ ಮನೆಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಅವರು ಆ ಮಳೆಗಾಲವೆಲ್ಲಾ ಅವುಗಳನ್ನೇ ನೋಡುತ್ತಾ, ಕಂಡದ್ದನ್ನು ಬರೆದಿಟ್ಟು, ಮರುವರುಷ ಪ್ರಕಟಿಸಿದರು.

ಅವರು ಕಂಡದ್ದೇನಂದರೆ: ಗೂಡನ್ನು ನೇಯುವವನು ಗಂಡು. ಅವನು ಹುಲ್ಲನ್ನೂ ಗರಿಯನ್ನೂ ಉದ್ದವಾದ ಎಳೆಗಳಾಗಿ ಸೀಳಿ ತಂದು, ಕೊಕ್ಕಿನಿಂದ ಹೆಣೆದು, ಗೂಡು ಅರ್ಧವಾದಾಗ ಅದರ ಮೇಲೆ ಕೂತು ರೆಕ್ಕೆ ಬಡಿದು ಕೂಗುವನು. ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುವವು. ಮೆಚ್ಚದಿದ್ದರೆ ಹೊರಟುಹೋಗುವವು. ಒಂದು ಹೆಣ್ಣು ಒಪ್ಪಿಕೊಂಡ ಮೇಲೆಯೇ ಅವನು ಮೊಟ್ಟೆಯಿಡುವ ಕೋಣೆಯನ್ನೂ ಕೆಳಕ್ಕೆ ಇಳಿಯುವ ಕೊಳವೆಯನ್ನೂ ನೇಯ್ದು ಗೂಡನ್ನು ಪೂರೈಸುವನು. ಆಮೇಲೆ ಇನ್ನೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುವನು. ನಮ್ಮ ಹೊಲದ ಬದುವಿನಲ್ಲಿ ಅರ್ಧ ಕಟ್ಟಿ ಬಿಟ್ಟ ಗೂಡುಗಳು ಟೊಪ್ಪಿಗೆಯಂತೆ ನೇತಾಡುವದರ ಅರ್ಥವು ಇದರಿಂದ ತಿಳಿಯುವದು. ಕಿಹಿಮಿನ ಗೀಜಗಕ್ಕೂ ನಮ್ಮ ಈಚಲಮರದ ಗೀಜಗಕ್ಕೂ ಭೇದವಿಲ್ಲ. ನೋಡುವವನ ತಾಳ್ಮೆಯಲ್ಲಿ ಮಾತ್ರ ಭೇದವುಂಟು.

3. ಇದರಿಂದ ನಮಗಾಗುವ ನಷ್ಟ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಹೇಳಿ, ಬೆರಗೆಂಬದು ಉಂಡವರ ಆಟವೆಂದು ಕೆಲವರು ಹೇಳುವರು. ಬೆರಗು ಹೊಟ್ಟೆಯನ್ನು ತುಂಬುವದೆಂದು ನಾವು ಹೇಳುವದಿಲ್ಲ. ಹಸಿದವನಿಗೆ ಹೂವನ್ನು ತೋರಿಸುವದು ಧರ್ಮವೂ ಅಲ್ಲ. ಆದಾಗ್ಯೂ ಮೇಲೆ ಹೇಳಿದವರಲ್ಲಿ ಒಬ್ಬನು ಕಮ್ಮಾರನ ಮಗನು, ಒಬ್ಬನು ಬಡ ಉಪಾಧ್ಯಾಯನು, ಒಬ್ಬರು ಆಗ ಉದ್ಯೋಗವಿಲ್ಲದವರು ಎಂಬದನ್ನು ಮರೆಯಬಾರದು. ಮತ್ತು ನೋಡದೆ ಇರುವದರ ನಷ್ಟವು ಬಡವನಿಗೇ ಹೆಚ್ಚು. ಹಸುವು ಮೆಲುಕು ಹಾಕುವದನ್ನು ದಿನಾಲು ನೋಡುವವನು ಅದು ನಿಲ್ಲಿಸಿದ ದಿವಸವೇ ಕಾಯಿಲೆಯನ್ನು ತಿಳುಕೊಳ್ಳುವನು. ನೋಡದವನು ಹಸು ಬಿದ್ದ ಮೇಲೆ ತಿಳುಕೊಳ್ಳುವನು. ಎಲೆಯ ಅಡಿಯನ್ನು ತಿರುವಿ ನೋಡುವ ಹೆಂಗಸು ಹುಳದ ಮೊಟ್ಟೆಗಳನ್ನು ಕಾಣುವಳು. ನೋಡದವಳು ಬಡುವಾದ ಬೆಳೆಯನ್ನು ಕಾಣುವಳು.

ಎರಡನೆಯ ನಷ್ಟವು ನಮ್ಮ ಮಕ್ಕಳಿಗೆ ಆಗುವದು. ಚಂದ್ರನು ನಮ್ಮ ಸಂಗಡ ಯಾಕೆ ಬರುವನು, ಮೊದಲನೆಯ ಮಳೆಗೆ ಮಣ್ಣು ಯಾಕೆ ಘಮಘಮಿಸುವದು ಎಂದು ಮಗು ಕೇಳುವದು. ಸುಮ್ಮನಿರು, ತಲೆ ತಿನ್ನಬೇಡ ಎಂದು ನಾವು ಹೇಳುವೆವು. ಹತ್ತು ಸಾರಿ ಹೀಗೆ ಕೇಳಿಸಿಕೊಂಡ ಮಗು ಹನ್ನೊಂದನೆಯ ಸಾರಿ ಕೇಳುವದಿಲ್ಲ. ಅನಂತರ ಶಾಲೆಯಲ್ಲಿ ಅದು ಬಾಯಿ ತೆರೆಯುವದಿಲ್ಲವೆಂದು ನಾವೇ ದೂರು ಹೇಳುವೆವು. ಉತ್ತರ ತಿಳಿಯದಿದ್ದರೆ, ನನಗೆ ತಿಳಿಯದು, ಬಾ ನೋಡೋಣ ಎನ್ನುವದರಲ್ಲಿ ತಂದೆಯ ಗೌರವಕ್ಕೆ ಯಾವ ಕೊರತೆಯೂ ಇಲ್ಲ. ಮಣ್ಣಿನ ಆ ವಾಸನೆಯು ಮಣ್ಣಿನೊಳಗಿರುವ, ಕಣ್ಣಿಗೆ ಕಾಣದ ಜೀವಿಗಳು ಮಾಡುವ ಒಂದು ಪದಾರ್ಥದಿಂದ ಬಹುಮಟ್ಟಿಗೆ ಬರುವದೆಂದು ಈಗ ತಿಳಿದುಬಂದಿದೆ. ಮಕ್ಕಳು ಕೇಳುವ ಪ್ರಶ್ನೆಗಳನ್ನೇ ಹಿಡಿದು ಹೋದವರು ಇದನ್ನು ಕಂಡುಹಿಡಿದರು.

ಮೂರನೆಯ ನಷ್ಟವು ಎಲ್ಲಕ್ಕಿಂತಲೂ ದೊಡ್ಡದು. ಇರುವೆಯನ್ನು ಹೆಸರು ಹೇಳಿ ದಾಟಿಹೋಗುವ ಕಣ್ಣು ಮನುಷ್ಯರನ್ನೂ ಹಾಗೆಯೇ ದಾಟಿಹೋಗುವದು. ಸಹೋದರರೇ, ಇದು ಏನೆಂದು ನಮಗೆ ಇತರರು ಕಲಿಸಬೇಕಾಗಿಲ್ಲ. ನಮ್ಮ ಅಜ್ಜಅಜ್ಜಿಯರಲ್ಲಿ ಅನೇಕರನ್ನು ಊರವರು ಜಾತಿಯ ಹೆಸರೊಂದನ್ನು ಹೇಳಿ ಮುಗಿಸಿಬಿಟ್ಟರು. ಆ ಹೆಸರಿನ ಹಿಂದೆ ಇದ್ದ ಮುಖವನ್ನು ಯಾರೂ ನೋಡಲಿಲ್ಲ. ಇವನಿಗೆ ಹಾಡು ಬರುವದೋ, ಇವಳು ಯಾವ ದುಃಖದಲ್ಲಿದ್ದಾಳೋ ಎಂದು ಯಾರೂ ಕೇಳಲಿಲ್ಲ. ಹಾಗೆ ದಾಟಿಹೋಗಲ್ಪಟ್ಟವರ ಮಕ್ಕಳಾದ ನಾವು ಈಗ ಮಾಡುವದೇನು? ಅವನು ಕುಡುಕ, ಇವನು ಸಾಲಗಾರ, ಅವಳು ಬಂಜೆ, ಆ ಹುಡುಗ ದಡ್ಡ ಎಂದು ಹೆಸರಿಟ್ಟು ನೋಡುವದನ್ನು ನಿಲ್ಲಿಸುವದಿಲ್ಲವೋ? ಒಂದೇ ಒಲೆಯ ಅನ್ನವನ್ನುಣ್ಣುವ ಹೆಂಡತಿಯು ಎರಡು ತಿಂಗಳಿಂದ ಬಡವಾಗುತ್ತಾ ಕೆಮ್ಮುತ್ತಿರುವದು ಗಂಡನ ಕಣ್ಣಿಗೆ ಬೀಳದಿದ್ದರೆ ಅದು ಸಣ್ಣ ನಷ್ಟವೇ? ಆರಾಧನೆಗೆ ಬಾಗಲ ಬಳಿಯಲ್ಲಿ ಕೂಡ್ರುತ್ತಿದ್ದ ಮುದುಕಿಯು ಮೂರು ಭಾನುವಾರಗಳಿಂದ ಬಾರದೆ ಇದ್ದದ್ದನ್ನು ಯಾರೂ ಗಮನಿಸದಿದ್ದರೆ ಆ ಸಭೆಯನ್ನು ಏನೆಂದು ಕರೆಯೋಣ?

ಬೇತ್ಸಾಯಿದದ ಕುರುಡನ ಚರಿತ್ರೆಯನ್ನು ಮಾರ್ಕನು 8ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಕರ್ತನು ಮೊದಲನೆಯ ಸಾರಿ ಮುಟ್ಟಿದಾಗ ಅವನಿಗೆ ಮನುಷ್ಯರು ನಡೆದಾಡುವ ಮರಗಳ ಹಾಗೆ ತೋರಿದರು. ಕರ್ತನು ಅಷ್ಟಕ್ಕೇ ಸಾಕೆನ್ನದೆ ತಿರುಗಿ ಮುಟ್ಟಿದನು. ಆಗ ಎಲ್ಲವೂ ಸ್ಪಷ್ಟವಾಗಿ ಕಂಡಿತು. ನಮ್ಮಲ್ಲಿ ಅನೇಕರ ಕಣ್ಣು ಆ ಮೊದಲನೆಯ ಸ್ಥಿತಿಯಲ್ಲಿಯೇ ನಿಂತಿದೆ.

4. ತಿರುಗಿ ನೋಡುವದು ಹೇಗೆ

ಯಾರು ದೊಡ್ಡವನೆಂದು ಶಿಷ್ಯರು ಕೇಳಿದಾಗ ಕರ್ತನು ಒಂದು ಚಿಕ್ಕ ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದನು. ಮಗುವು ದಡ್ಡತನದ ಮಾದರಿಯಲ್ಲ, ತಗ್ಗಿದ ಮನಸ್ಸಿನ ಮಾದರಿಯು. ತನಗೆ ತಿಳಿಯದೆಂದು ಹೇಳುವದಕ್ಕೆ ಅದು ನಾಚುವದಿಲ್ಲ. ಬಗ್ಗಿ ನೋಡುವದಕ್ಕೂ ನಾಚುವದಿಲ್ಲ. ಪರ್ವತಪ್ರಸಂಗದಲ್ಲಿ ಹಕ್ಕಿಗಳನ್ನೂ ಅಡವಿಯ ಹೂವುಗಳನ್ನೂ ಲಕ್ಷ್ಯವಿಟ್ಟು ನೋಡಬೇಕೆಂದು ಕರ್ತನು ಹೇಳಿದ್ದು ಚಿಂತೆಯಿಂದ ಬಳಲಿದ ಬಡವರಿಗೇ ಎಂಬದನ್ನು ಗಮನಿಸಬೇಕು. ಮೋಶೆಯು ಕುರಿ ಮೇಯಿಸುವ ದಿನದ ಕೆಲಸದಲ್ಲಿದ್ದನು. ಪೊದೆಯು ಉರಿಯುತ್ತಿದ್ದರೂ ಸುಟ್ಟುಹೋಗದೆ ಇರುವದನ್ನು ಕಂಡು, ಇದೇನೆಂದು ನೋಡುವದಕ್ಕೆ ದಾರಿಯನ್ನು ಬಿಟ್ಟು ತಿರುಗಿದನು. ಅವನು ತಿರುಗಿದ್ದನ್ನು ಕಂಡ ಮೇಲೆಯೇ ದೇವರು ಅವನನ್ನು ಹೆಸರು ಹಿಡಿದು ಕರೆದನು.

ಆದಕಾರಣ ಈ ತಿಂಗಳು ಕೆಳಗಿನ ಅಭ್ಯಾಸಗಳನ್ನು ಕೈಕೊಳ್ಳಿರಿ. ಇವುಗಳಿಗೆ ಹಣವು ಬೇಡ, ಹೆಚ್ಚು ಹೊತ್ತೂ ಬೇಡ.

ಮೊದಲನೆಯ ವಾರ: ದಿನಕ್ಕೆ ಒಂದು ಸಾಧಾರಣ ವಸ್ತುವಿನ ಮುಂದೆ, ಅನ್ನ ಬೇಯುವಷ್ಟು ಹೊತ್ತಲ್ಲದಿದ್ದರೂ ಹಾಲು ಉಕ್ಕುವಷ್ಟು ಹೊತ್ತು, ಸುಮ್ಮನೆ ನಿಲ್ಲಿರಿ. ಹಿಂದೆ ಕಾಣದೆ ಇದ್ದ ಒಂದು ಸಂಗತಿಯನ್ನು ಕಂಡ ಮೇಲೆ ಮುಂದಕ್ಕೆ ಹೋಗಿರಿ.

ಎರಡನೆಯ ವಾರ: ಮಗುವಿನ ಸಂಗಡ ಒಂದು ದಾರಿಯನ್ನು ಮಗುವಿನ ನಡಿಗೆಯಲ್ಲಿಯೇ ನಡೆಯಿರಿ. ಅದು ನಿಂತಲ್ಲಿ ನಿಲ್ಲಿರಿ, ಎಳೆಯಬೇಡಿರಿ.

ಮೂರನೆಯ ವಾರ: ಮಕ್ಕಳು ಕೇಳುವ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದಿಡಿರಿ. ಉತ್ತರ ತಿಳಿಯದವುಗಳನ್ನು ಶಾಲೆಯ ಉಪಾಧ್ಯಾಯರ ಬಳಿಗೆ ತೆಗೆದುಕೊಂಡು ಹೋಗಿರಿ. ಇಂಥ ಪ್ರಶ್ನೆಗಳು ಕನ್ನಡದ ಮಕ್ಕಳಲ್ಲಿಯೂ ಉಂಟೆಂದು ತಿಳಿದೇ ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ವನ್ನು ಬರೆದರು.

ನಾಲ್ಕನೆಯ ವಾರ: ನಾವು ಯಾವದಾದರೊಂದು ಹೆಸರನ್ನಿಟ್ಟು ದಾಟಿಹೋಗುತ್ತಿದ್ದ ಒಬ್ಬ ಮನುಷ್ಯನ ಬಳಿಗೆ ಹೋಗಿ, ಬುದ್ಧಿ ಹೇಳದೆ, ಅವನು ಹೇಳುವದನ್ನು ಕಡೆಯ ವರೆಗೂ ಕೇಳಿರಿ. ಈ ಅಭ್ಯಾಸವು ಮೊದಲಿನ ಮೂರಕ್ಕಿಂತಲೂ ಕಷ್ಟವಾದದ್ದು. ಆ ಮೂರನ್ನು ಮಾಡಿದವನಿಗೆ ಅದು ಸ್ವಲ್ಪ ಸುಲಭವಾಗುವದು.

ಕೂಡಿ ಮಾತಾಡುವದಕ್ಕೆ ಪ್ರಶ್ನೆಗಳು

1. ಹೆಸರು ತಿಳಿದ ಮೇಲೆ ನೋಡುವದು ನಿಂತುಹೋಗುವದು ಯಾಕೆ? ನಿಮ್ಮ ಮನೆಯಿಂದ ಒಂದು ದೃಷ್ಟಾಂತ ಕೊಡಿರಿ.

2. ಹೂಕುಂಡವನ್ನು ಸುತ್ತಿದ ಕಂಬಳಿಹುಳಗಳಿಗೂ ನಮ್ಮ ದಿನಚರಿಗೂ ಇರುವ ಹೋಲಿಕೆಯೇನು? ಭೇದವೇನು?

3. ಉರಿಯುವ ಮೇಣದ ಬತ್ತಿಯಿಂದ ನೀರು ಹುಟ್ಟುವದನ್ನು ಹೇಗೆ ತೋರಿಸಬಹುದು?

4. ಗೀಜಗನ ಗೂಡುಗಳಲ್ಲಿ ಕೆಲವು ಅರ್ಧಕ್ಕೆ ನಿಂತಿರುವದು ಯಾಕೆ?

5. ನಮ್ಮ ಸಭೆಯಲ್ಲಿ ಯಾರನ್ನು ನಾವು ಬಹುದಿನಗಳಿಂದ ನೋಡದೆ ದಾಟಿಹೋಗುತ್ತಿದ್ದೇವೆ? ಈ ಪ್ರಶ್ನೆಗೆ ಬಾಯಿಂದ ಉತ್ತರ ಕೊಡುವದು ಬೇಡ. ಪಾಠವು ಮುಗಿದ ಮೇಲೆ ಅವರ ಮನೆಗೆ ಹೋಗಿ ಬನ್ನಿರಿ.